ನಿಡಘಟ್ಟದಲ್ಲಿ ಬೆಂದುಹೋದ ಗುಲಾಬಿಗಳು

ಆ ತೋಟದಲ್ಲಿ ಸತ್ತ ಗಿಡಗಳನ್ನೆಲ್ಲ ಕೊಂದವನು ನಾನೇ. ಹುಳ ಅಲ್ಲ, ಬಿಸಿಲಲ್ಲ, ದನವೂ ಅಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಉಳಿದದ್ದನ್ನು ಹೇಳುವುದು ಸುಲಭ.

ಎಪ್ಪತ್ತರ ದಶಕದ ನಡುವಿನ ಮಾತು. ಬೆಂಗಳೂರಿನಲ್ಲಿ ಒಂದು ವರ್ಷ ತೋಟದ ಕೆಲಸ ಕಲಿತು ಮಂಡ್ಯಕ್ಕೆ ವಾಪಸು ಬಂದಿದ್ದೆ. ಅಲ್ಲಿನ ಗುತ್ತಲು ಬಡಾವಣೆಯ ನಮ್ಮ ಮನೆಯ ಹಿತ್ತಲಲ್ಲಿ ಅರವತ್ತು ಕುಂಡ ಜೋಡಿಸಿ, ಬಾಗಿಲಿಗೆ ಒಂದು ತಗಡಿನ ಬೋರ್ಡು ಹಾಕಿ, ನನ್ನ ಹೆಸರಿನ ಕೆಳಗೆ 'ಉದ್ಯಾನ ವಿನ್ಯಾಸಕ' ಅಂತ ಬರೆಸಿದ್ದೆ. ಬೋರ್ಡಿನ ಬಣ್ಣಕ್ಕೆ ಕೊಟ್ಟ ದುಡ್ಡು ಒಳಗಿದ್ದ ಗಿಡಗಳಿಗೆ ಕೊಟ್ಟದ್ದಕ್ಕಿಂತ ಹೆಚ್ಚು. ಆರು ತಿಂಗಳಲ್ಲಿ ಮಾರಾಟವಾದದ್ದು ಎರಡು ತುಳಸಿ ಗಿಡ. ಅದರಲ್ಲಿ ಒಂದನ್ನು ತೆಗೆದುಕೊಂಡವಳು ನಮ್ಮ ಅಮ್ಮ.

ಅಪ್ಪ ಹೈಸ್ಕೂಲು ಮೇಷ್ಟ್ರು. ಅವರು ಬೈಯುವುದಿಲ್ಲ, ದಿನ ಗೊತ್ತು ಮಾಡುತ್ತಾರೆ. ಮದ್ದೂರಿನ ಒಂದು ಸಹಕಾರ ಸಂಘದಲ್ಲಿ ಗುಮಾಸ್ತೆಯ ಜಾಗ ಖಾಲಿಯಿತ್ತು. ಸಂಕ್ರಾಂತಿಯ ಮಾರನೆಯ ದಿನ ಕಾಫಿ ಕುಡಿಯುತ್ತ ಹೇಳಿದರು: "ಶಿವರಾತ್ರಿವರೆಗೂ ನೋಡ್ತೀನಿ. ಅಷ್ಟರೊಳಗೆ ಯಾರದಾದರೂ ಒಂದು ತೋಟ ಪೂರ್ತಿ ಮಾಡಿ ನನ್ನ ಕಣ್ಣಿಗೆ ತೋರಿಸು. ಇಲ್ಲದಿದ್ದರೆ ಕೂತು ಅರ್ಜಿ ಬರಿ."

ಅರ್ಜಿ ಬರೆಯುವುದೆಂದರೆ ನನಗೆ ಜ್ವರ ಬರುತ್ತಿತ್ತು. ಹೀಗಿರುವಾಗ ಸಿಕ್ಕಿದ್ದು ನಿಡಘಟ್ಟದ ಗೌಡರ ಕೆಲಸ.

ಗೌಡರಿಗೆ ಅಕ್ಕಿ ಗಿರಣಿ ಇತ್ತು, ಜಮೀನಿತ್ತು. ಬೆಂಗಳೂರು ಮೈಸೂರು ರಸ್ತೆಯ ಪಕ್ಕದಲ್ಲೇ ಹೊಸ ತಾರಸಿ ಮನೆ ಕಟ್ಟಿಸಿದ್ದರು. ಮನೆಯ ಮುಂದೆ ನಾಲ್ಕು ಗುಂಟೆ ಖಾಲಿ ಜಾಗ. ಶಿವರಾತ್ರಿಗೆ ಒಂದು ವಾರ ಮುಂಚೆ ಗೃಹಪ್ರವೇಶ. ನನಗೆ ಉಳಿದದ್ದು ನಲವತ್ತೈದು ದಿನ.

"ನೋಡಪ್ಪ ಮೇಷ್ಟ್ರ ಮಗ," ಅಂದರು ಗೌಡರು. "ಬಸ್ನಲ್ಲಿ ಓಗೋರು ಇಲ್ಲಿ ಬಂದೇಟ್ಗೆ ಕತ್ತು ತಿರುಗುಸ್ಬೇಕು. ನಮ್ಮ ಸುತ್ತ ಮುತ್ತ ಅಳ್ಳೀಲಿ ಯಾರ ಮನೇಲೂ ಇಲ್ದಿರೋ ಗಿಡ ಆಗ್ಬೇಕು. ಎಂಟ್ನೂರು ರೂಪಾಯಿ. ಗಿಡ, ಗೊಬ್ರ, ನಿನ್ ಕೂಲಿ ಎಲ್ಲ ಅದ್ರಲ್ಲೇ. ಎಂಟ್ನೂರಾ ಒಂದ್ ಕೇಳ್ಬ್ಯಾಡ."

ಆಗ ನಾನು ಬೇರೆಯವರ ಎಂಟುನೂರು ರೂಪಾಯಿಯನ್ನು ಒಟ್ಟಿಗೆ ನೋಡಿದವನೇ ಅಲ್ಲ. ಆ ದುಡ್ಡಿಗೆ ಬೃಂದಾವನವನ್ನೇ ಎತ್ತಿ ತಂದು ಇಡುತ್ತೇನೆ ಅನ್ನಿಸಿತು. ಮೂರು ದಿನ ಕೂತು ಬಣ್ಣದ ಪೆನ್ಸಿಲಿನಲ್ಲಿ ನಕ್ಷೆ ಬರೆದೆ. ಗೇಟಿನ ಎರಡು ಪಕ್ಕ ಮತ್ತು ಅಂಗಳದ ಮಧ್ಯದಲ್ಲಿ ಒಂದೊಂದು ಕ್ರಿಸ್‌ಮಸ್ ಮರ, ದಾರಿಯ ಉದ್ದಕ್ಕೂ ಇಪ್ಪತ್ತು ಬೆಂಗಳೂರು ಗುಲಾಬಿ, ಗೋಡೆಗೆ ಒತ್ತಿದಂತೆ ಬಣ್ಣದೆಲೆಯ ಕ್ರೋಟನ್. ಮರಗಳನ್ನು ಪೂರ್ತಿ ಬೆಳೆದ ಮೇಲೆ ಹೇಗಿರುತ್ತವೋ ಹಾಗೆ, ತಾರಸಿಗಿಂತ ಎತ್ತರಕ್ಕೆ ಬರೆದಿದ್ದೆ.

ಗೌಡರು ನಕ್ಷೆಯನ್ನು ದೂರ ಹಿಡಿದು ನೋಡಿದರು. "ಈ ಮರ ಇಷ್ಟೆತ್ರ ಆಯ್ತದಾ?"

"ಆಗ್ತದೆ ಗೌಡ್ರೇ," ಅಂದೆ. ಎಷ್ಟು ವರ್ಷಕ್ಕೆ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ನನ್ನ ವೃತ್ತಿಜೀವನದ ಮೊದಲ ಸುಳ್ಳು ಹೀಗೆ ಬಾಯಿ ಮುಚ್ಚಿಕೊಂಡೇ ನಡೆಯಿತು.

ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದ ಗೌಡರ ತಾಯಿ ನಕ್ಷೆ ತರಿಸಿಕೊಂಡರು. ಒಂದೊಂದು ಗಿಡದ ಮೇಲೂ ಬೆರಳಿಟ್ಟು, "ಇದ್ಯಾಕೆ ಮಗ, ತಿನ್ನಕ್ಕಾ, ಮುಡಿಯಕ್ಕಾ, ದನಕ್ಕಾ?" ಅಂತ ಕೇಳಿದರು.

"ನೋಡಕ್ಕೆ ಅಜ್ಜಿ."

"ನೋಡಕ್ಕೆ," ಅಂದು, ನನ್ನನ್ನೇ ಒಂದು ಗಳಿಗೆ ನೋಡಿ, ಮತ್ತೆ ಅವರೆಕಾಯಿಗೆ ಕೈ ಹಾಕಿದರು.

ಬೆಂಗಳೂರಿಗೆ ಹೋದೆ. ನರ್ಸರಿಯವನು ಮೂರು ಕ್ರಿಸ್‌ಮಸ್ ಮರಕ್ಕೆ ಹೇಳಿದ ಬೆಲೆ ಕೇಳಿ, ಇವು ಬೇರಿನ ಬದಲು ಬೆಳ್ಳಿಯ ಮೇಲೆ ನಿಂತಿರಬೇಕು ಅನ್ನಿಸಿತು. ಆದರೂ ಕೊಂಡೆ. ಗೌಡರಿಗೆ ಬೇಕಾದದ್ದು ಊರಲ್ಲಿ ಇಲ್ಲದ ಗಿಡ. ಊರಲ್ಲಿ ಇಲ್ಲದ್ದು ದುಬಾರಿ ಇದ್ದೇ ಇರುತ್ತದೆ. ಗುಲಾಬಿ, ಕ್ರೋಟನ್ ಸೇರಿ ಎಂಟುನೂರರಲ್ಲಿ ಏಳುನೂರರ ಮೇಲೆ ಖಾಲಿ. ಪ್ಯಾಸೆಂಜರ್ ರೈಲಿನಲ್ಲಿ ಗಿಡಗಳಿಗೆ ಸೀಟು ಸಿಕ್ಕಿತು, ನಾನು ಮದ್ದೂರಿನವರೆಗೆ ನಿಂತೇ ಬಂದೆ. ಗುಲಾಬಿ ಮುಳ್ಳು ತಗುಲಿಸಿಕೊಂಡ ಒಬ್ಬ ಹೆಂಗಸು ರಾಮನಗರದವರೆಗೂ ನನ್ನ ವಂಶವನ್ನು ವಿಚಾರಿಸುತ್ತ ಬಂದರು.

ಇಲ್ಲಿ ಲೆಕ್ಕ ತಪ್ಪಿತು. ಗಿಡಕ್ಕೆ ದುಡ್ಡು ಮುಗಿದ ಮೇಲೆ ಮಣ್ಣಿಗೆ ಉಳಿಯಲಿಲ್ಲ. ಆ ನಾಲ್ಕು ಗುಂಟೆಯಲ್ಲಿ ಮನೆ ಕಟ್ಟಿದವರು ಬಿಟ್ಟುಹೋದ ಸುಣ್ಣ, ಜಲ್ಲಿ, ಇಟ್ಟಿಗೆ ಚೂರು ಒಂದಡಿ ಆಳಕ್ಕೆ ಕೂತಿತ್ತು. ಅದನ್ನು ತೆಗೆಸಿ, ಕೆರೆಮಣ್ಣು ತುಂಬಿಸಿ, ಹಳೆಯ ತಿಪ್ಪೆಗೊಬ್ಬರ ಹಾಕಿಸಬೇಕಿತ್ತು. ನಾನು ಒಂದೊಂದು ಗಿಡಕ್ಕೆ ಒಂದೊಂದು ಗುಂಡಿ ಮಾತ್ರ ತೋಡಿಸಿದೆ. ಗೊಬ್ಬರಕ್ಕೆ ಪುಕ್ಕಟೆ ದಾರಿ ಹುಡುಕಿದೆ. ಕಬ್ಬು ಅರೆಯುವ ಕಾಲ. ಕಾರ್ಖಾನೆಗೆ ಕಬ್ಬು ಇಳಿಸಿ ಬರುವ ಲಾರಿಯವನಿಗೆ ಟೀ, ಬೀಡಿ ಕೊಟ್ಟು, ಕಬ್ಬಿನ ಹಾಲು ಸೋಸಿದ ಮೇಲೆ ಉಳಿಯುವ ಕಪ್ಪು ಮಡ್ಡಿಯನ್ನು ಒಂದು ಲೋಡು ತರಿಸಿದೆ. ಅದು ಒಳ್ಳೆಯ ಗೊಬ್ಬರ ಅಂತ ಪಾಠದಲ್ಲಿ ಓದಿದ್ದೆ. ಆರು ತಿಂಗಳು ಕೊಳೆಸಿದ ಮೇಲೆ ಒಳ್ಳೆಯ ಗೊಬ್ಬರ ಅಂತ ಅದೇ ಪಾಠದ ಮುಂದಿನ ಸಾಲಿನಲ್ಲಿ ಇತ್ತು. ಆ ಹೊತ್ತಿಗೆ ನಾನು ನಿದ್ದೆ ಮಾಡಿದ್ದೆ.

ನನ್ನ ಜೊತೆ ಗುದ್ದಲಿ ಹಿಡಿದವನು ಗೌಡರ ಗದ್ದೆಯ ಆಳು, ಐವತ್ತರ ಮೇಲಿನ ವಯಸ್ಸು. ಅವನು ಮಡ್ಡಿಯ ರಾಶಿಗೆ ಕೈ ಹಾಕಿ ತಟ್ಟನೆ ತೆಗೆದ.

"ಸಾಮಿ, ಇದಿನ್ನೂ ಕಾಯ್ತಾ ಅದೆ. ಅಬೆ ಬತ್ತಾ ಅದೆ ನೋಡಿ."

"ಚಳಿಗಾಲ ಕಣಯ್ಯ. ಬೇರು ಬೆಚ್ಚಗಿರಲಿ."

"ನೀವು ಓದ್ದೋರು," ಅಂದ. ಆ ಮಾತಿನಲ್ಲಿದ್ದ ಮರ್ಯಾದೆಯೆಲ್ಲ ನನಗೇ ಅಂದುಕೊಂಡೆ.

ಗುಂಡಿಗೆ ಎರಡೆರಡು ಬಾಂಡ್ಲಿ ಮಡ್ಡಿ ತುಂಬಿ ಗಿಡ ನೆಟ್ಟೆವು. ಕೊನೆಯಲ್ಲಿ ಕತ್ತಲಾಗಿ, ಕ್ರೋಟನ್‌ಗೂ ಗೇಟಿನ ಪಕ್ಕದ ಒಂದು ಕ್ರಿಸ್‌ಮಸ್ ಮರಕ್ಕೂ ಮಡ್ಡಿ ಹಾಕುವುದು ಉಳಿಯಿತು. ಎಂಟು ದಿನ ಎಲ್ಲ ನಗುನಗುತ್ತಿದ್ದವು. ಗೌಡರು ದಿನಾ ಸಂಜೆ ಗಿರಣಿಯಿಂದ ಬಂದು ಕ್ರಿಸ್‌ಮಸ್ ಮರದ ಪಕ್ಕ ನಿಂತು ತಮ್ಮ ಮಂಡಿಗೆ ಅಳತೆ ಹಿಡಿಯುತ್ತಿದ್ದರು. "ಇನ್ನೂ ಏನೂ ಎದ್ದಿಲ್ವಲ್ಲಪ್ಪ." "ಬೇರು ಬಿಡ್ತಾ ಇದೆ ಗೌಡ್ರೇ." ಒಂಬತ್ತನೆಯ ದಿನ ಗುಲಾಬಿಯ ಎಲೆಯಂಚು ಕಂದಿತು. ಹನ್ನೊಂದನೆಯ ದಿನ ಇಡೀ ಸಾಲು, ಜೊತೆಗೆ ಎರಡು ಕ್ರಿಸ್‌ಮಸ್ ಮರ, ಬೀಡಿ ಎಲೆಯ ಬಣ್ಣಕ್ಕೆ ತಿರುಗಿದವು. ಬುಡಕ್ಕೆ ಬೆರಳು ಹಾಕಿದೆ. ನಮ್ಮ ಬಚ್ಚಲಿನ ಹಂಡೆಯ ನೀರು ಅಷ್ಟು ಕಾದಿದ್ದರೆ ಅಮ್ಮ ಸೌದೆ ಹಿಂದಕ್ಕೆ ಎಳೆಯುತ್ತಿದ್ದಳು.

ಆಗಲೇ ಹೋಗಿ ಹೇಳಬೇಕಿತ್ತು. ನಾನು ಕತ್ತರಿ ತೆಗೆದುಕೊಂಡು ಒಣಗಿದ ಎಲೆಯನ್ನೆಲ್ಲ ಕತ್ತರಿಸಿ, ಕೇಳಿದವರಿಗೆ "ಎಲೆ ಉದುರೋ ಕಾಲ" ಅಂದೆ. ಮೂರೇ ದಿನಕ್ಕೆ ತೋಟದಲ್ಲಿ ಇಪ್ಪತ್ತು ಕಡ್ಡಿ ನಿಂತಿದ್ದವು. ಬರಿದಾದ ಸಾಲು ಮುಚ್ಚಲು ದುಡ್ಡಿಲ್ಲದ ಉಪಾಯ ಹೊಳೆಯಿತು. ಶಿಂಷಾ ಹೊಳೆ ದಂಡೆಯಲ್ಲಿ ಕಣಗಿಲೆ ಬೇಕಾದಷ್ಟು. ನೀರು ಕೇಳುವುದಿಲ್ಲ, ಗೊಬ್ಬರ ಕೇಳುವುದಿಲ್ಲ, ವರ್ಷವಿಡೀ ಹೂ, ರಸ್ತೆಯಿಂದ ಎದ್ದು ಕಾಣುತ್ತದೆ. ಬೇರು ಸಮೇತ ಒಂದು ಹೊರೆ ಕಿತ್ತು ತಂದು ಮುಂದಿನ ಸಾಲಿಗೆ ನೆಡಲು ಕೂತೆ.

ಅಜ್ಜಿ ಜಗಲಿಯಿಂದ ಇಳಿದು ಬಂದರು. ಅವರು ಇಳಿದದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

"ಏನ್ಲಾ ಅದು, ಕಣಗ್ಲೆಯಾ?"

"ಹೌದಜ್ಜಿ, ಹೂವು ಚೆನ್ನಾಗಿ..."

"ಎರಡು ಅಸ ಕಟ್ಟೋ ಮನೆ ಮುಂದೆ ಕಣಗ್ಲೆ ಮಡಗ್ತಾವ್ನೆ. ದನ ಒಂದ್ ಬಾಯಿ ಆಕುದ್ರೆ ಸಾಯ್ತದೆ ಅಂತ ತೊಟ್ಲು ಮಗೀಗೂ ಗೊತ್ತು ಕಣ್ಲಾ. ಅದೇನ್ ಓದ್ಕ ಬಂದೆ ಬೆಂಗ್ಳೂರ್ನಲ್ಲಿ?"

ಅಷ್ಟಕ್ಕೆ ಬಿಡಲಿಲ್ಲ. ಪಕ್ಕದ ಒಂದು ಗುಲಾಬಿ ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿದರು. ಮಜ್ಜಿಗೆಯಿಂದ ಮೆಣಸಿನಕಾಯಿ ಎತ್ತಿದಷ್ಟು ಸಲೀಸಾಗಿ ಬಂತು. ತುದಿಯಲ್ಲಿ ಬೇರೇ ಇಲ್ಲ, ಕರಿ ಲೋಳೆ ಅಷ್ಟೇ.

"ಗೆಣಸು ಬೇಯ್ಸ್ದಂಗೆ ಬೇಯ್ಸ್ಬುಟ್ಟಿದ್ದೀಯಲ್ಲ ಮಗ," ಅಂದರು. ಬೈಗುಳದ ದನಿ ಹೋಗಿ ಸಾವಿನ ಮನೆಗೆ ಬಂದವರ ದನಿ ಆಗಿತ್ತು. "ನನ್ ಮಗನ್ಗೆ ನೀನ್ ಯೋಳ್ತೀಯೋ, ನಾನ್ ಯೋಳ್ಲೋ?"

ಗಿರಣಿಗೆ ಹೋದೆ. ಹೊಟ್ಟು ಹಾರುತ್ತಿತ್ತು, ಮಿಷನ್ನು ಕೂಗುತ್ತಿತ್ತು. ಗೌಡರಿಗೆ ಕೇಳಿಸಲೆಂದು ನನ್ನ ತಪ್ಪನ್ನು ಅರಚಿ ಹೇಳಬೇಕಾಯಿತು. "ಗುಲಾಬಿ ಅಷ್ಟೂ ಹೋಯ್ತು ಗೌಡ್ರೇ. ಎರಡು ಕ್ರಿಸ್‌ಮಸ್ ಮರವೂ ಹೋಯ್ತು. ನಾನೇ ಕೊಂದೆ." ಅಷ್ಟರಲ್ಲಿ ಕರೆಂಟು ಹೋಗಿ ಮಿಷನ್ನು ನಿಂತಿತು. ಕೊನೆಯ ಎರಡು ಪದ ಅಕ್ಕಿ ಮಾಡಿಸಲು ಬಂದಿದ್ದವರಿಗೆಲ್ಲ ಕೇಳಿಸಿ, ಮೂರು ಜನ ಎದ್ದು ನಿಂತರು.

ಗೌಡರು ಟವಲಿನಲ್ಲಿ ಹೊಟ್ಟು ಒರೆಸಿಕೊಂಡು ಎಲ್ಲ ಕೇಳಿದರು. ಬೈಯುತ್ತಾರೆ ಅಂದುಕೊಂಡೆ. ಅವರು ಯೋಚನೆ ಮಾಡಿದರು.

"ಇನ್ನೆಷ್ಟ್ ದಿನ ಅದೆ?"

"ಇಪ್ಪತ್ತೈದು."

"ಆಯ್ತು ಬುಡು. ಇನ್ನು ಮುನ್ನೂರು ಕೊಡ್ತೀನಿ. ಅದೇ ಮರ, ಸ್ವಲ್ಪ ದೊಡ್ಡವು ತಕ್ಕ ಬಾ. ಎಲ್ರಿಗೂ ಯೋಳ್ಬುಟ್ಟಿವ್ನಿ ಕಣಪ್ಪ. ನಮ್ ಬೀಗ್ರೂ ಬತ್ತಾವ್ರೆ."

ಹೇಳಿದರೆ ನಗಬೇಡಿ, ಒಂದು ನಿಮಿಷ ನನಗೆ ಬಹಳ ಸಂತೋಷವಾಯಿತು. ಆ ಗುಂಡಿಯಲ್ಲಿ ಗಿಡ ಎಂಟು ದಿನ ಹಸಿರಾಗಿರುತ್ತದೆ ಅನ್ನುವುದನ್ನು ನನ್ನಷ್ಟು ಚೆನ್ನಾಗಿ ತಿಳಿದವರು ಜಿಲ್ಲೆಯಲ್ಲೇ ಇರಲಿಲ್ಲ. ಗೃಹಪ್ರವೇಶಕ್ಕೆ ಎರಡು ದಿನ ಮುಂಚೆ ನೆಟ್ಟರೆ ಸಾಕು. ಬೀಗರು ನೋಡುತ್ತಾರೆ, ಫೋಟೋದವನು ಫೋಟೋ ತೆಗೆಯುತ್ತಾನೆ, ಅಪ್ಪ ಬಂದು ಕಣ್ಣಾರೆ ಕಾಣುತ್ತಾರೆ. ಆಮೇಲೆ ಸತ್ತರೆ, ನೀರು ಹಾಕಿದವರ ತಪ್ಪು. ಇಷ್ಟನ್ನೂ ಗಿರಣಿಯ ಚೀಲದ ಮೇಲೆ ಕೂತು ಲೆಕ್ಕ ಹಾಕಿದೆ. ಯಾಕೆ ಹಾಗೆ ಮಾಡಲಿಲ್ಲ ಅಂದರೆ ನಿಖರವಾಗಿ ಹೇಳಲಾರೆ. ಅಜ್ಜಿ ಎತ್ತಿ ಹಿಡಿದ ಆ ಕಡ್ಡಿಯ ತುದಿ ಕಣ್ಣಿಂದ ಹೋಗಿರಲಿಲ್ಲ.

"ಬೇಡ ಗೌಡ್ರೇ," ಅಂದೆ. "ಎಷ್ಟು ದೊಡ್ಡ ಮರ ತಂದರೂ ಆ ನೆಲದಲ್ಲಿ ಎಂಟು ದಿನ. ಎರಡು ದಿನ ಮುಂಚೆ ನೆಟ್ಟರೆ ಗೃಹಪ್ರವೇಶಕ್ಕೆ ಹಸಿರಾಗಿರ್ತದೆ, ಮೋಸ ಮಾಡೋದಾದರೆ ಮಾಡಬಹುದು. ಆ ಮುನ್ನೂರನ್ನ ನೆಲದ ಕೆಳಗೆ ಹಾಕೋಣ. ಜಲ್ಲಿ ಎತ್ತಿಸಿ, ಮಡ್ಡಿ ತೆಗೆಸಿ, ಕೆರೆಮಣ್ಣು, ತಿಪ್ಪೆಗೊಬ್ಬರ. ಮೇಲೆ ಚೆಂಡುಹೂ, ಕನಕಾಂಬರ, ಕಾಕಡ, ಮರುಗ."

"ಚೆಂಡು ಊವು," ಅಂದರು ಗೌಡರು. "ಚೆಂಡು ಊವು ನೆಡಕ್ಕೆ ನಿನ್ನ ಯಾಕಪ್ಪ ಕರುಸ್ಬೇಕಿತ್ತು? ಅದು ನಮ್ಮ ತಿಪ್ಪೆ ಮೇಲೇ ಬೆಳೀತದೆ."

"ಅದಕ್ಕೇ ಬದುಕ್ತದೆ. ಗಿಡ ಊರಿಂದೇ ಇರಲಿ, ನೆಡೋ ರೀತಿ ನನಗೆ ಬಿಡಿ. ನಾಲ್ಕು ಗುಂಟೆ ತುಂಬ ಒಂದೊಂದು ಪಟ್ಟಿ ಒಂದೇ ಬಣ್ಣ. ಮುಂದೆ ಗಿಡ್ಡ, ಹಿಂದೆ ಎತ್ತರ."

"ಬಸ್ಸಿಗೆ ಕಾಣ್ತದಾ?"

"ಕಾಣ್ತದೆ. ಈ ಸಲ ಸುಳ್ಳು ಹೇಳ್ತಿಲ್ಲ."

"ಓದ್ ಸಲ ಯೋಳಿದ್ಯಾ?"

ಗೌಡರಿಗೆ ನಗು ಬಂತೋ ಕೋಪ ಬಂತೋ ಮುಖದ ಮೇಲಿದ್ದ ಹೊಟ್ಟಿನಿಂದ ತಿಳಿಯಲಿಲ್ಲ. "ಬದುಕುಳ್ದಿರೋ ಆ ಒಂದ್ ಮರ ಗೇಟ್ ಹತ್ರ ಇರ್ಬೇಕು. ಅದ್ ಮಾತ್ರ ನಾ ಬುಡಲ್ಲ," ಅಂದರು. ಒಪ್ಪಿಕೊಂಡೆ. ಕೊಟ್ಟವರ ಆಸೆಗೂ ತೋಟದಲ್ಲಿ ಮೂರಡಿ ಜಾಗ ಬೇಕು.

ಆಮೇಲಿನ ಇಪ್ಪತ್ತು ದಿನ ನಾನು ಆಳಾದೆ, ಆಳು ಯಜಮಾನನಾದ. ಒಂದೂವರೆ ಅಡಿ ಅಗೆದು ಜಲ್ಲಿ ಆಯ್ದೆವು. ಬದುಕಿದ್ದ ಕ್ರೋಟನ್‌ಗಳನ್ನು ಹಿತ್ತಲಿಗೆ ಸಾಗಿಸಿ, ತೆಗೆದ ಮಡ್ಡಿಯನ್ನು ಅಲ್ಲೇ ಮೂಲೆಯಲ್ಲಿ ಕೊಳೆಯಲು ಗುಡ್ಡೆ ಹಾಕಿದೆವು. ಎತ್ತಿನ ಗಾಡಿಯಲ್ಲಿ ಕೆರೆಮಣ್ಣು ಬಂತು. ಯಾರ ತಿಪ್ಪೆ ಎಷ್ಟು ಹಳೆಯದು ಅನ್ನುವುದು ಅಜ್ಜಿಗೆ ಸಂಬಂಧಿಕರ ವಯಸ್ಸಿನಷ್ಟೇ ಬಾಯಿಪಾಠ. ಗೊಬ್ಬರವನ್ನು ಮೂಸಿ, ಹಿಡಿಯಲ್ಲಿ ಹಿಸುಕಿ, "ಇದು ಆಯ್ತು, ಇದು ಇನ್ನೊಂದ್ ವರ್ಸ ಬುಡಿ" ಅನ್ನುತ್ತಿದ್ದರು. ಹೂವಿನ ಬೆಳೆಗಾರರ ಹೊಲಗಳಿಂದ ಮೊಗ್ಗು ಕಟ್ಟುತ್ತಿದ್ದ ಗಿಡಗಳನ್ನು ಮಣ್ಣಿನ ಹೆಂಟೆ ಸಮೇತ ಎತ್ತಿ, ಬಾಳೆಪಟ್ಟೆ ಸುತ್ತಿ ತಂದು, ಸಂಜೆ ತಂಪಿನಲ್ಲೇ ನೆಟ್ಟೆವು. ರಸ್ತೆಯ ಕಡೆ ಗಿಡ್ಡ ಹಳದಿ ಚೆಂಡುಹೂ, ಅದರ ಹಿಂದೆ ಕನಕಾಂಬರ, ಹಿಂದೆ ಎತ್ತರದ ಕೆಂಪು ಚೆಂಡುಹೂ, ಗೋಡೆಗೆ ಕಾಕಡ. ಗೃಹಪ್ರವೇಶದ ಹಿಂದಿನ ಸಂಜೆ ನಾನು ರಸ್ತೆಯ ಆಚೆ ನಿಂತು ನೋಡಿದೆ. ಮೂರು ಪಟ್ಟಿ ಬಣ್ಣ ಮನೆಯನ್ನು ಎತ್ತಿ ಹಿಡಿದ ಹಾಗಿತ್ತು. ಒಂದು ಲಾರಿ ನಿಧಾನ ಮಾಡಿ ಹೋಯಿತು. ಮಂಡ್ಯಕ್ಕೆ ಹೋಗಿ ಅಪ್ಪನಿಗೆ, "ನಾಳೆ ಹತ್ತು ಗಂಟೆಗೆ ಅಲ್ಲಿ ಮುಟ್ಟೋ ಬಸ್ಸಿಗೆ ಬನ್ನಿ" ಅಂದೆ.

ಮಾರನೆಯ ದಿನ ಇಸ್ತ್ರಿ ಷರಟು ಹಾಕಿಕೊಂಡು ಬೆಳಗಿನ ಮೊದಲ ಬಸ್ಸಿಗೆ ನಿಡಘಟ್ಟದಲ್ಲಿ ಇಳಿದೆ. ತೋಟದಲ್ಲಿ ಒಂದು ಹೂವೂ ಇರಲಿಲ್ಲ.

ಅಷ್ಟೂ ಹಸಿರು. ಚೆಂಡುಹೂವಿನ ತಲೆಗಳನ್ನೆಲ್ಲ ಯಾರೋ ಚಿವುಟಿದ್ದರು. ಕನಕಾಂಬರದ ತೆನೆಗಳು ಬೋಳು. ಕಾಕಡದಲ್ಲಿ ಮೊಗ್ಗು ಕೂಡ ಇಲ್ಲ. ಬಾಗಿಲಿಗೆ ಚೆಂಡುಹೂವಿನ ತೋರಣ ಇತ್ತು, ಒಳಗೆ ಕರೆದುಕೊಂಡು ಹೋದ ಹಸುವಿನ ಕೊರಳಲ್ಲಿ ಹಾರ ಇತ್ತು, ಕಳಶದ ಸುತ್ತ ಕಾಕಡ ಇತ್ತು, ಮನೆ ತುಂಬ ಓಡಾಡುತ್ತಿದ್ದ ನಲವತ್ತು ಹೆಂಗಸರ ಜಡೆಯಲ್ಲಿ ಕನಕಾಂಬರ ಇತ್ತು. ಬೆಳಗಾಗುವ ಮೊದಲೇ ಬುಟ್ಟಿ ಹಿಡಿದು ಬಂದು ಕೊಯ್ದಿದ್ದರು. ಮನೆಯಂಗಳದಲ್ಲಿ ಹೂವಿದ್ದೂ ಶುಭಕಾರ್ಯದ ದಿನ ಗಿಡದಲ್ಲೇ ಬಿಡುವ ಹೆಂಗಸು ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ. ನಮ್ಮಮ್ಮನೂ ಕೊಯ್ಯುತ್ತಿದ್ದಳು. ಇದು ನನಗೆ ಗೊತ್ತಿಲ್ಲದ ವಿಷಯವೇ ಅಲ್ಲ. ವಿನ್ಯಾಸಕನಿಗೆ ಮಾತ್ರ ಗೊತ್ತಿರಲಿಲ್ಲ.

ಅಜ್ಜಿ ರೇಷ್ಮೆ ಸೀರೆಯಲ್ಲಿ ಬಂದು, "ಅದೆಂಥ ಊವು ಮಗ, ಅಂಗೈ ಅಗ್ಲ. ಒಂದ್ ಮೊಳಾನೂ ಪ್ಯಾಟೆಯಿಂದ ತರ್ನಿಲ್ಲ ಕನ," ಅಂದರು. ಅವರ ಸಂತೋಷಕ್ಕೆ ಮಿತಿ ಇರಲಿಲ್ಲ. ನನಗೆ ಅಳು ಬರುವುದೊಂದು ಬಾಕಿ.

ಗಂಟೆ ಒಂಬತ್ತೂವರೆ. ಜಗಲಿಯ ಮೇಲೆ ತೋರಣಕ್ಕೆ ಹೆಚ್ಚಾಗಿ ಉಳಿದ ಚೆಂಡುಹೂ ಒಂದು ಬುಟ್ಟಿ ಕಂಡಿತು. ಬುದ್ಧಿ ಕೆಟ್ಟವನಿಗೆ ಬುಟ್ಟಿ ಸಿಗಬಾರದು. ಬಾಳೆನಾರು ಸೀಳಿಕೊಂಡು ಮುಂದಿನ ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಹೂವನ್ನು ಮತ್ತೆ ಗಿಡಕ್ಕೆ ಕಟ್ಟತೊಡಗಿದೆ. ಎಂಟು ಕಟ್ಟಿದ್ದೆ. ಒಂಬತ್ತನೆಯದಕ್ಕೆ ಗಂಟು ಹಾಕುವಾಗ ಪಕ್ಕದಲ್ಲಿ ಒಂದು ಜೊತೆ ಕಪ್ಪು ಚಪ್ಪಲಿ ಬಂದು ನಿಂತಿತು. ಆ ಚಪ್ಪಲಿ ನನಗೆ ಗೊತ್ತು.

ಅಪ್ಪ ಕೊಡೆಯ ತುದಿಯಿಂದ ಮೊದಲನೆಯ ಗಿಡ ತೋರಿಸಿ, "ಗಂಟು ಕಾಣಿಸ್ತಿದೆ," ಅಂದರು.

ಅಷ್ಟರಲ್ಲಿ ಅಜ್ಜಿ ನೋಡಿಬಿಟ್ಟರು. "ದೇವ್ರಿಗೆ ಕಟ್ಟೋ ಊವ ಗಿಡಕ್ಕೆ ಕಟ್ತಾವ್ನಲ್ಲ ಇವ್ನು. ಯಾರು, ಇವ್ರು ನಿಮ್ಮಪ್ನಾ? ಬನ್ನಿ ಮೇಷ್ಟ್ರೇ, ಕೂತ್ಕಳಿ. ನಿಮ್ ಮಗ ನಮ್ಮನೇಲಿ ಇಪ್ಪತ್ತೆರಡು ಗಿಡ ಸಾಯ್ಸವ್ನೆ."

ಅಪ್ಪ ಕೂತರು.

"ಬ್ಯಾರೆ ಮರ ತಂದು ಎರಡ್ ದಿನ ನಿಲ್ಸಿ ಕಣ್ಣಿಗ್ ಮಣ್ ಎರ್ಚಬೋದಿತ್ತು. ನನ್ ಮಗ ದುಡ್ ಕೊಡ್ತೀನಿ ಅಂದ್ರೂ ಬ್ಯಾಡ ಅಂದವ್ನೆ. ಎಲ್ಲಾನೂ ಮಣ್ಣಿಗ್ ಆಕ್ದ. ನೋಡಿ ಬೇಕಾರೆ, ಮೊಳಕೈ ಉದ್ದ ಕಡ್ಡಿ ಚುಚ್ಚುದ್ರೂ ಇಳೀತದೆ. ಪಾಯ್ಸ ತರ್ತೀನಿ ಇರಿ."

ಅಪ್ಪ ಊಟ ಮಾಡಿದರು. ಮಧ್ಯಾಹ್ನ ವಾಪಸು ಬರುವಾಗ, ಬಸ್ಸು ಮದ್ದೂರು ದಾಟಿದ ಮೇಲೆ ಕೇಳಿದರು.

"ಆ ಅಜ್ಜಿ ಹೇಳಿದ್ದು ನಿಜವೇನೋ, ಬೇರೆ ಮರ ನಿಲ್ಲಿಸಬಹುದಾಗಿತ್ತು ಅನ್ನೋದು?"

"ಹೌದು."

"ನಿಲ್ಲಿಸಿದ್ದರೆ ನನಗೆ ಗೊತ್ತಾಗ್ತಿತ್ತಾ?"

"ಇಲ್ಲ."

ಕಿಟಕಿಯ ಆಚೆ ಕಬ್ಬಿನ ಗಾಡಿಗಳು ಸಾಲಾಗಿ ಹೋಗುತ್ತಿದ್ದವು. ಎಲ್ಲ ದಾಟುವವರೆಗೆ ಅಪ್ಪ ನೋಡಿದರು. "ಅರ್ಜಿ ಈ ವರ್ಷ ಬೇಡ," ಅಂದು, ಕೊಡೆಯ ಹಿಡಿಯ ಮೇಲೆ ಗದ್ದ ಇಟ್ಟು ಕಣ್ಣು ಮುಚ್ಚಿದರು.

ಮೂರನೆಯ ದಿನ ಗೌಡರ ಮನೆಯಲ್ಲಿ ಬೀಗರಿಗೆ ಬಾಡೂಟ. ಬೆಳಗ್ಗೆಯೇ ಕಂಡಕ್ಟರ ಕೈಲಿ ಹೇಳಿಕಳಿಸಿದ್ದರು, ಕೂಡಲೇ ಬಾ ಅಂತ. ಇನ್ನೇನು ಸತ್ತಿತೋ ಎಂದು ಓಡಿದೆ. ಚಿವುಟಿದ ತಲೆಯ ಕೆಳಗೆಲ್ಲ ಕಾದು ಕೂತಿದ್ದ ಮೊಗ್ಗು ಒಟ್ಟಿಗೆ ಬಿರಿದಿತ್ತು. ಗೌಡರು ಆ ಮಂಡಿಯೆತ್ತರದ ಕ್ರಿಸ್‌ಮಸ್ ಮರದ ಪಕ್ಕ ನಿಂತು ಬೀಗರಿಗೆ ಅದರ ಬೆಲೆಯನ್ನು ದುಪ್ಪಟ್ಟು ಮಾಡಿ ಹೇಳುತ್ತಿದ್ದರು. ಬೀಗರು ಅದನ್ನು ಬಿಟ್ಟು ಹಳದಿ ಪಟ್ಟಿಯನ್ನೇ ನೋಡುತ್ತಿದ್ದರು. ಅಜ್ಜಿ ಆಗಲೇ ತೀರ್ಪು ಕೊಟ್ಟಾಗಿತ್ತು: ರಸ್ತೆ ಕಡೆಯ ಸಾಲು ಮಗನದು, ಯಾರೂ ಮುಟ್ಟುವ ಹಾಗಿಲ್ಲ; ಅದರ ಹಿಂದಿನ ಮೂರು ಸಾಲು ಹೆಂಗಸರದು, ಯಾರೂ ಕೇಳುವ ಹಾಗಿಲ್ಲ.

ಆ ಬೀಗರ ಊರು ಮಳವಳ್ಳಿ. ಅವರ ಮನೆಯ ಮುಂದೆಯೂ ಎರಡು ಗುಂಟೆ ಜಾಗ ಇತ್ತು. ಶಿವರಾತ್ರಿ ಕಳೆದ ಮೇಲೆ ಅಲ್ಲಿಗೆ ಹೋದೆ. ಪೆನ್ಸಿಲ್ಲು ತೆಗೆಯಲಿಲ್ಲ, ಗಿಡದ ಹೆಸರು ಎತ್ತಲಿಲ್ಲ. ಗುದ್ದಲಿ ಕೇಳಿ ಒಂದು ಗುಂಡಿ ತೋಡಿ ಮಣ್ಣು ನೋಡಿದೆ. ಎಷ್ಟು ಖರ್ಚು ಮಾಡುತ್ತೀರಿ ಅಂತ ಯಜಮಾನರನ್ನು ಕೇಳಿ, ಅದರಲ್ಲಿ ಅರ್ಧ ಕಣ್ಣಿಗೆ ಕಾಣುವುದಿಲ್ಲ ಅಂತ ಹೇಳಿದೆ. ಆಮೇಲೆ ಒಳಗೆ ಕೇಳಿಸುವ ಹಾಗೆ ಸ್ವಲ್ಪ ಜೋರಾಗಿ, "ಬೆಳಗ್ಗೆ ಹೂ ಕುಯ್ಯೋರು ಮನೇಲಿ ಎಷ್ಟು ಜನ?" ಅಂದೆ.

ಅಡುಗೆಮನೆಯ ಬಾಗಿಲಿಗೆ ಒಬ್ಬೊಬ್ಬರಾಗಿ ಏಳು ಜನ ಬಂದು ನಿಂತರು. ಕನಕಾಂಬರವನ್ನು ಮೂರು ಪಟ್ಟು ಬರೆದುಕೊಂಡೆ.